ಗರ್ಭ ನಿಂತ ಮೇಲಿನ ಲೆಕ್ಕ

ಐವಿಎಫ್ ಚಿಕಿತ್ಸೆಯ ಚರಿತ್ರೆಯನ್ನು ಬಹುಕಾಲ ಗರ್ಭ ನಿಂತಿತೋ ಇಲ್ಲವೋ ಎಂಬುದೊಂದರಿಂದಲೇ ಅಳೆದೆವು. ನಿಂತ ಗರ್ಭವನ್ನು ಸಾಕುವ ಮಾಸಿನ ಕಡೆ ಗಮನ ಹರಿದದ್ದು ತಡವಾಗಿ. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅಕ್ಟೋಬರಿನಲ್ಲಿ ಕೋಲ್ಕತ್ತದಲ್ಲಿ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ‘ದುರ್ಗಾ’ ಹುಟ್ಟಿದಳು. ಮುಖೋಪಾಧ್ಯಾಯರು ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು, ಔಷಧದ ಪ್ರಚೋದನೆಯಿಲ್ಲದ ಮುಂದೊಂದು ಋತುಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದ್ದರು. ಯಾರೂ ನಂಬಲಿಲ್ಲ, 1981ರಲ್ಲಿ ಅವರು ಜೀವ ಕಳೆದುಕೊಂಡರು. 1997ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದು ಅವರಿಗೆ ಮನ್ನಣೆ ದೊರಕಿಸಿದವರು ಟಿ.ಸಿ. ಆನಂದ ಕುಮಾರ್. ದೇಶದ ಮೊದಲ ಪ್ರನಾಳ ಶಿಶು ಎಂದು ಹೆಸರಾಗಿದ್ದ 1986ರ ಮುಂಬೈ ಮಗುವಿನ ಹಿಂದೆ ಇಂದಿರಾ ಹಿಂದುಜಾ ಅವರ ಜೊತೆಗಿದ್ದವರೂ ಇವರೇ. ತಮ್ಮ ಹಿರಿಮೆಯನ್ನೇ ಬಿಟ್ಟುಕೊಟ್ಟ ಇಂಥ ವಿಜ್ಞಾನಿಗಳು ಅಪರೂಪ.

ಭ್ರೂಣವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸುವ ವಿಧಾನ ಈ ಶತಮಾನದಲ್ಲಿ ಕೈಗೂಡಿದ ಮೇಲೆ ಶೈತ್ಯೀಕೃತ ಭ್ರೂಣವೇ ರೂಢಿಯಾಯಿತು. ಆದರೆ ಸಹಜ ಋತುಚಕ್ರಕ್ಕೆ ಕಾಯುವ ಬದಲು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಕೊಟ್ಟು ಗರ್ಭಕೋಶವನ್ನು ಹದ ಮಾಡುವ ಪದ್ಧತಿ ಹಬ್ಬಿತು. ವೈದ್ಯರಿಗೂ ದಂಪತಿಗೂ ಅನುಕೂಲ: ತಾರೀಖು ಮೊದಲೇ ಗೊತ್ತಿರುತ್ತದೆ. ಪೆಟ್ಟು ಬೀಳುವುದೂ ಅಲ್ಲೇ. ಅಂಡ ಬಿಡುಗಡೆಯಾದ ಜಾಗದಲ್ಲಿ ಹುಟ್ಟುವ ಕಾರ್ಪಸ್ ಲೂಟಿಯಂ ಈ ಪದ್ಧತಿಯಲ್ಲಿ ಹುಟ್ಟುವುದಿಲ್ಲ. ಅದು ಸ್ರವಿಸುವ ರಿಲ್ಯಾಕ್ಸಿನ್ ತಾಯಿಯ ರಕ್ತನಾಳಗಳನ್ನು ಬಸಿರಿಗೆ ಒಗ್ಗಿಸುತ್ತದೆ, ಮಾತ್ರೆಯಲ್ಲಿ ಅದಿಲ್ಲ. ಈ ಪದ್ಧತಿಯಲ್ಲಿ ಬಿ.ಪಿ. ಏರುವ ಗರ್ಭನಂಜು ಹೆಚ್ಚಾಗಿ ಕಾಣುವುದಕ್ಕೆ ಸಂಶೋಧಕರು ಕೊಡುವ ಮುಖ್ಯ ವಿವರಣೆ ಇದು.

ಬಂಜೆತನವೇ ಕಾರಣ, ಚಿಕಿತ್ಸೆಯನ್ನೇಕೆ ದೂರಬೇಕು ಎನ್ನುವವರಿದ್ದಾರೆ. ವಯಸ್ಸು, ಅವಳಿ ಬಸಿರುಗಳ ಪಾಲಿದೆ, ನಿಜ. ಆದರೆ 2006ರ ನಾರ್ವೆಯ ಅಧ್ಯಯನ ಒಬ್ಬಳೇ ತಾಯಿಯ ಎರಡು ಬಸಿರುಗಳನ್ನು ಹೋಲಿಸಿತು: ಸಹಜವಾಗಿ ನಿಂತದ್ದಕ್ಕಿಂತ ಚಿಕಿತ್ಸೆಯಿಂದ ನಿಂತ ಬಸಿರಿನಲ್ಲಿ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂರುವ ಸಂಭವ ಸುಮಾರು 3 ಪಟ್ಟು. 2016ರಲ್ಲಿ ಚೀನಾದಲ್ಲಿ ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಇದ್ದ 1,508 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದಾಗ ಶೈತ್ಯೀಕೃತ ಭ್ರೂಣದ ಗುಂಪಿನಲ್ಲಿ ಮಗು ಪಡೆದವರೇನೋ ಹೆಚ್ಚು, ಶೇ. 49.3, ತಾಜಾ ಭ್ರೂಣದಲ್ಲಿ ಶೇ. 42. ಗರ್ಭನಂಜು ಮಾತ್ರ ಶೇ. 1.4ರಿಂದ 4.4ಕ್ಕೆ ಏರಿತ್ತು. ಎರಡೂ ಗುಂಪಿನ ತೊಂದರೆ ಒಂದೇ ಆಗಿದ್ದಾಗ ವ್ಯತ್ಯಾಸ ಬಂದದ್ದು ವಿಧಾನದಿಂದ. ಹಾಗೆಂದು ಶೈತ್ಯೀಕರಣವನ್ನು ಕೈಬಿಡಿ ಎನ್ನಲಾಗದು. ತಾಜಾ ಭ್ರೂಣದ ಕೂಸುಗಳ ತೂಕ ಕಡಿಮೆ, ಅಂಡಾಶಯ ಅತಿಯಾಗಿ ಊದುವ ಅಪಾಯವೂ ಹೆಚ್ಚು. ಅಂಡ ತಾನಾಗಿ ಬಲಿಯುವ ಮಹಿಳೆಗೆ ಸಹಜ ಚಕ್ರವನ್ನು ಮೊದಲ ಆಯ್ಕೆಯಾಗಿಸಬೇಕು ಎಂಬುದಷ್ಟೇ ನನ್ನ ವಾದ.

ಸಿರುಗುಪ್ಪದ ಗದ್ದೆಸೀಮೆಯಿಂದ ಬಳ್ಳಾರಿಗೋ ಬೆಂಗಳೂರಿಗೋ ಹೋಗುವವರಿಗೆ ಸಹಜ ಚಕ್ರವೆಂದರೆ ಸ್ಕ್ಯಾನಿಂಗಿಗೆ ಮತ್ತೆ ಮತ್ತೆ ಬಸ್ಸು ಹತ್ತುವುದು, ಕೂಲಿ ಬಿಡುವುದು. ಈ ಆಕ್ಷೇಪಕ್ಕೆ ತೂಕವಿದೆ. ಮಾತ್ರೆಯ ದಾರಿ ಕೆಲವರಿಗೆ ಅನಿವಾರ್ಯ. ಆಗ ಮಾಹಿತಿಯಾದರೂ ಬಸುರಿಯ ಜೊತೆ ಊರಿಗೆ ಬರಬೇಕು. ಐವಿಎಫ್‌ನಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆ ಕ್ಲಿನಿಕ್‌ಗಳು ದಾಖಲೆ ಇಡಬೇಕೆನ್ನುತ್ತದೆ, ಆದರೆ ಬಿ.ಪಿ. ನೋಡುವವರು ಕುರುಗೋಡಿನ ಸರ್ಕಾರಿ ಆಸ್ಪತ್ರೆಯ ನರ್ಸು, ಮನೆಗೆ ಬರುವ ಆಶಾ ಕಾರ್ಯಕರ್ತೆ. ಐವಿಎಫ್ ಎಂದು ತಾಯಿ ಕಾರ್ಡಿನಲ್ಲಿ ಬರೆದರೆ ಓಣಿಗೆಲ್ಲ ಗೊತ್ತಾದೀತೆಂಬ ಅಂಜಿಕೆ ಸುಳ್ಳಲ್ಲ. ಕಾರ್ಡಿನ ಬದಲು ವೈದ್ಯರ ಹೆಸರಿಗೆ ಒಂದು ಚೀಟಿ ಸಾಕು. ಭ್ರೂಣ ತಾಜಾವೋ ಶೈತ್ಯೀಕೃತವೋ, ಚಕ್ರ ಸಹಜವೋ ಮಾತ್ರೆಯದೋ, ಸ್ಕ್ಯಾನಿನಲ್ಲಿ ಮಾಸು ಎಲ್ಲಿದೆ, ಇಷ್ಟು ಅದರಲ್ಲಿರಲಿ. ಅಪಾಯವಿದ್ದವರಿಗೆ ವೈದ್ಯರು ಬರೆದುಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್ ಫಲ ಕೊಡಬೇಕಾದರೆ 16 ವಾರದೊಳಗೆ ಶುರುವಾಗಬೇಕು. ಚೀಟಿ ಅಷ್ಟರೊಳಗೆ ತಲುಪಬೇಕು.