ಹೆಳವರ ಹೊತ್ತಿಗೆ: ಮನೆತನಗಳ ನೆನಪಿನ ಭಂಡಾರ

ಗುರುವಿಗೆ ಪರಂಪರೆ, ದೇವರಿಗೆ ಸ್ಥಳಪುರಾಣ, ಮನೆಗೆ ವಂಶಾವಳಿ. ಈ ಮೂರನ್ನೂ ಹಿರಿಯರು ಒಂದೇ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಗುರುಪರಂಪರೆಯನ್ನು ಮಠಗಳು ಉಳಿಸಿದವು, ಸ್ಥಳಪುರಾಣವನ್ನು ದೇವಾಲಯಗಳು ಉಳಿಸಿದವು. ಆದರೆ ಒಕ್ಕಲುಮಕ್ಕಳ, ಕುರಿ ಕಾಯುವವರ, ನೇಯುವವರ, ಮಡಕೆ ಮಾಡುವವರ ಮನೆತನದ ಹೆಸರುಗಳನ್ನು ಉಳಿಸಿದವರು ಯಾರು? ಸೊಲ್ಲಾಪುರ-ಅಕ್ಕಲಕೋಟೆ ದಾರಿಯಲ್ಲಿರುವ ಕುಂಭಾರಿಯಂಥ ಗ್ರಾಮಗಳಲ್ಲಿ ಜಾತ್ರೆಯ ನಿಮಿತ್ತ ಹಿರಿಯರು ಕಿರಿಯರು ಒಂದೆಡೆ ಕೂಡುವಾಗ ಈ ಪ್ರಶ್ನೆಯನ್ನು ನೆನೆಯುವುದು ಉಚಿತವಾಗಿದೆ.

ಜಾತ್ರೆಯೇ ಒಂದು ವಂಶಾವಳಿ

ಯಾವ ಊರಿನ ಜಾತ್ರೆಯನ್ನು ನೋಡಿದರೂ ಅಲ್ಲೊಂದು ಕ್ರಮವಿರುತ್ತದೆ. ಪಲ್ಲಕ್ಕಿಗೆ ಮೊದಲು ಹೆಗಲು ಕೊಡುವವರು ಯಾರು, ಆರತಿಯ ಮಾನ ಯಾವ ಮನೆಯದು, ಎಣ್ಣೆ ತರುವವರು ಯಾರು, ಹಲಗೆ ಬಾರಿಸುವವರು ಯಾರು ಎಂಬುದೆಲ್ಲ ತಲೆಮಾರುಗಳಿಂದ ನಿಶ್ಚಯವಾಗಿರುತ್ತದೆ. ಸೊಲ್ಲಾಪುರದ ಶ್ರೀ ಸಿದ್ಧರಾಮೇಶ್ವರರ ಗಡ್ಡೆಯ ಜಾತ್ರೆ ಇದಕ್ಕೆ ದೊಡ್ಡ ಉದಾಹರಣೆ. ಮಕರ ಸಂಕ್ರಮಣದ ಸಮಯದಲ್ಲಿ ಏಳು ನಂದಿಧ್ವಜಗಳು ಹೊರಟು, ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಪ್ರತಿಷ್ಠಾಪಿಸಿದರೆಂದು ನಂಬಲಾದ 68 ಲಿಂಗಗಳಿಗೆ ಎಣ್ಣೆಮಜ್ಜನ ಮಾಡಿಸುತ್ತವೆ. ಮರುದಿನ ಸಂಮತಿ ಕಟ್ಟೆಯಲ್ಲಿ ಅಕ್ಷತೆ. ಕುಂಬಾರ ಕನ್ಯೆಗೂ ಯೋಗದಂಡಕ್ಕೂ ನಡೆದ ವಿವಾಹದ ಕಥೆ ಅಲ್ಲಿ ವರ್ಷವೂ ಹೊಸದಾಗುತ್ತದೆ. ಧ್ವಜ ಹಿಡಿಯುವ ಮಾನ ಬೇರೆಬೇರೆ ಮನೆತನ, ಬೇರೆಬೇರೆ ಸಮಾಜಗಳಿಗೆ ಹಂಚಿದೆ.

ಈ ಮಾನವೆಲ್ಲ ತಂದೆಯಿಂದ ಮಗನಿಗೆ ಬಂದದ್ದು. ಆದ್ದರಿಂದ ಜಾತ್ರೆಯ ಮೆರವಣಿಗೆಯೆಂದರೆ ಊರಿನ ಮನೆತನಗಳು ಸಾಲಾಗಿ ನಡೆದುಹೋಗುವ ಬಯಲು ಹೊತ್ತಿಗೆ. ಓದು ಬಾರದವನೂ ಅದನ್ನು ಓದಬಲ್ಲ.

ಕಲ್ಲಿನ ಮೇಲಿನ ಹೆಸರುಗಳು

ವಂಶವನ್ನು ಬರೆದಿಡುವ ರೂಢಿ ಈ ಭಾಗಕ್ಕೆ ಹೊಸದಲ್ಲ. ಸೊಲ್ಲಾಪುರ ಸೀಮೆಯು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. 973ರಲ್ಲಿ ಎರಡನೆಯ ತೈಲಪನು ಆ ರಾಜ್ಯವನ್ನು ಕಟ್ಟಿದ ಮೇಲೆ ಈ ಭಾಗದಲ್ಲಿ ಅನೇಕ ಕನ್ನಡ ಶಾಸನಗಳು ಹುಟ್ಟಿದವು. ಶಾಸನದಲ್ಲಿ ಮೊದಲು ಅರಸನ ವಂಶ, ನಂತರ ಮಾಂಡಲಿಕನ ವಂಶ, ಆಮೇಲೆ ದಾನಿಯ ಮನೆತನ, ಕೊನೆಗೆ ದಾನ ಸ್ವೀಕರಿಸಿದ ಆಚಾರ್ಯರ ಗುರುಪರಂಪರೆ ಬರುವುದುಂಟು. ಆಚಾರ್ಯರ ಕಾಲು ತೊಳೆದು ಧಾರಾಪೂರ್ವಕವಾಗಿ ಭೂಮಿ ಕೊಟ್ಟ ಮಾತಿನ ಜೊತೆಗೆ, ಕೊಟ್ಟವನು ಯಾರ ಮಗ ಎಂಬುದೂ ಕಲ್ಲಿನಲ್ಲಿ ನಿಂತಿದೆ. ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲದಲ್ಲಿ ಶಕ ವರ್ಷ 940ರ, ಅಂದರೆ ಇಸ್ವಿ ಸನ್ 1018ರ ಶಾಸನ ದೊರೆತಿದೆ. ಸೊಲ್ಲಾಪುರದ ಸಂಶೋಧಕ ಆನಂದ ಕುಂಭಾರ ಅವರು ಹಳ್ಳಿಹಳ್ಳಿ ತಿರುಗಿ ಇಂಥ ಕಲ್ಲುಗಳನ್ನು ಬೆಳಕಿಗೆ ತಂದರು. ಶ್ರೀನಿವಾಸ ರಿತ್ತಿಯವರೊಡನೆ ಅವರು ಸಂಪಾದಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟ 1988ರಲ್ಲಿ ಹೊರಬಂದಿತು.

ಆದರೆ ಕಲ್ಲು ಕೆತ್ತಿಸುವ ಶಕ್ತಿ ಅರಸರಿಗೆ, ಸಾಮಂತರಿಗೆ, ಸೆಟ್ಟರಿಗೆ ಇತ್ತು. ಸಾಮಾನ್ಯ ಮನುಷ್ಯ ಕಲ್ಲಿಗೆ ಏರಿದ್ದು ಬಹುಮಟ್ಟಿಗೆ ಊರ ದನಕರು ಕಾಯುತ್ತ ಸತ್ತು ವೀರಗಲ್ಲಾದಾಗ ಮಾತ್ರ. ಉಳಿದ ಒಕ್ಕಲುಮನೆಗಳ ನೆನಪನ್ನು ಹೊತ್ತವರು ಹೆಳವರು.

ಎತ್ತಿನ ಮೇಲೆ ಬಂದ ಇತಿಹಾಸಕಾರ

ಹೆಳವ ಎಂದರೆ ಕುಂಟ. ನಡೆಯಲಾರದ ಪೂರ್ವಜನೊಬ್ಬನಿಗೆ ಏರಿಕೊಂಡು ತಿರುಗಲು ಎತ್ತು ದೊರೆಯಿತೆಂದೂ ಅವನ ಸಂತತಿಯೇ ತಾವೆಂದೂ ಹೆಳವರು ಹೇಳುತ್ತ ಬಂದಿದ್ದಾರೆ. ಕಾಲು ಗಟ್ಟಿಯಿದ್ದರೂ ಕಂಬಳಿಯಿಂದ ಮುಚ್ಚಿಕೊಂಡು, ಕೊರಳಲ್ಲಿ ಗಂಟೆ ಕಟ್ಟಿದ ಎತ್ತಿನ ಮೇಲೆ ಕುಳಿತು ಊರು ಹೊಗುವುದು ಅವರ ಪದ್ಧತಿಯಾಗಿತ್ತು. ಉತ್ತರ ಕರ್ನಾಟಕದಲ್ಲಿಯೂ ಗಡಿಯಾಚೆಯ ಮಹಾರಾಷ್ಟ್ರದ ಜಿಲ್ಲೆಗಳಲ್ಲಿಯೂ ಅವರ ತಿರುಗಾಟ ನಡೆದಿದೆ. ಮರಾಠಿ ಜನ ಅವರನ್ನು ಹೇಳವಿ ಎಂದು ಕರೆಯುತ್ತಾರೆ.

ಬೆಳಗಿನ ಜಾವದಲ್ಲಿ ಗಂಟೆಯ ಸಪ್ಪಳ ಕೇಳಿದರೆ ಹೆಳವ ಬಂದನೆಂದು ಮನೆಮಂದಿ ಎದ್ದು ಬರುತ್ತಿದ್ದರು. ಅಂಗಳದಲ್ಲಿ ನಿಂತು ಅವನು ಆ ಮನೆತನದ ಮೂಲಪುರುಷ, ಬಿಟ್ಟುಬಂದ ಊರು, ಕುಲದೇವರು, ಬೆಡಗು, ಒಬ್ಬೊಬ್ಬರ ಮಕ್ಕಳು, ಯಾವ ಶಾಖೆ ಎಲ್ಲಿ ನೆಲೆಸಿತು ಎಂಬುದನ್ನೆಲ್ಲ ರಾಗವಾಗಿ ಹೇಳುತ್ತಿದ್ದನು. ಅಜ್ಜನ ಅಜ್ಜನ ಹೆಸರು ಅಂಗಳದಲ್ಲಿ ಕೇಳಿದಾಗ ಮುದುಕಿಯರು ಸೆರಗು ಹೊದ್ದು ಕೈಮುಗಿಯುತ್ತಿದ್ದರು. ಕಳೆದ ಭೇಟಿಯಿಂದ ಈಚೆಗೆ ಹುಟ್ಟಿದವರ ಹೆಸರನ್ನು ಕೇಳಿ ಹೊತ್ತಿಗೆಯಲ್ಲಿ ಏರಿಸುವುದು ಅವನ ಮುಖ್ಯ ಕೆಲಸ. ಅದಕ್ಕೆ ಪ್ರತಿಯಾಗಿ ಕಾಳು, ಬಟ್ಟೆ, ಹಣ, ಅನುಕೂಲವಿದ್ದವರು ಕುರಿಮರಿ ಅಥವಾ ಕರುವನ್ನು ಕೊಡುತ್ತಿದ್ದರು.

ಪ್ರತಿ ಹೆಳವ ಮನೆತನಕ್ಕೂ ಇಂತಿಂಥ ಒಕ್ಕಲುಗಳು ಎಂದು ಗೊತ್ತಿರುತ್ತವೆ. ಒಬ್ಬರ ಒಕ್ಕಲಿಗೆ ಇನ್ನೊಬ್ಬರು ಕೈಹಾಕುವಂತಿಲ್ಲ. ಒಂದು ಊರಿಗೆ ಕೆಲವು ವರ್ಷಗಳಿಗೊಮ್ಮೆ ಸರದಿ ಬರುತ್ತದೆ. ತಂದೆಯ ಬೆನ್ನ ಹಿಂದೆ ತಿರುಗುತ್ತ, ಅವನು ಹೇಳುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿ, ಆಮೇಲೆ ಹೊತ್ತಿಗೆ ಓದಲು ಕಲಿತು ಮಗ ಈ ವಿದ್ಯೆಗೆ ಸಿದ್ಧನಾಗುತ್ತಾನೆ. ತಾಮ್ರಪಟ, ತಾಳೆಗರಿ, ಕಾಗದದ ಹೊತ್ತಿಗೆ ಹೀಗೆ ಬರಹದ ಸಾಧನ ಕಾಲಕಾಲಕ್ಕೆ ಬದಲಾಯಿತು. ಬಾಯಿಪಾಠ ಮಾತ್ರ ಬಿಡಲಿಲ್ಲ, ಏಕೆಂದರೆ ಮಳೆಯಲ್ಲಿ ಹೊತ್ತಿಗೆ ನೆನೆದರೂ ನಾಲಗೆಯ ಮೇಲಿನದು ಅಳಿಯುವುದಿಲ್ಲ.

ಸಂಬಂಧ ಬೆಳೆಸುವಾಗ ಹೆಳವನ ಮಾತಿಗೆ ಬೆಲೆಯಿತ್ತು. ಒಂದೇ ಬೆಡಗಿನವರು ಅಣ್ಣತಮ್ಮಂದಿರೆಂದು ಬೀಗತನ ಮಾಡುವಂತಿಲ್ಲ. ದೂರದ ಊರಿನ ವರನ ಬೆಡಗು ಯಾವುದೆಂಬುದನ್ನು ಹೆಳವ ತಿಳಿಸುತ್ತಿದ್ದನು. ಬರಗಾಲದಲ್ಲಿ ಊರು ಬಿಟ್ಟವರ ಸುಳಿವೂ ಅವನಲ್ಲಿ ಸಿಗುತ್ತಿತ್ತು. 1876-78ರ ಮಹಾಕ್ಷಾಮ ಸೊಲ್ಲಾಪುರ, ವಿಜಯಪುರ ಸೀಮೆಗಳನ್ನು ಹಿಂಡಿತು. ಶತಮಾನದ ಕೊನೆಗೆ ಪ್ಲೇಗು ಬಂತು. 1972ರ ಬರವನ್ನು ಕಂಡವರು ಇಂದಿಗೂ ಇದ್ದಾರೆ. ಇಂಥ ಕಾಲದಲ್ಲಿ ಚದುರಿದ ದಾಯಾದಿಗಳನ್ನು ಮತ್ತೆ ಒಂದು ದಾರದಲ್ಲಿ ಪೋಣಿಸಿದ್ದು ಹೆಳವರ ತಿರುಗಾಟ.

ಬೇರೆ ಕಡೆಯ ಪದ್ಧತಿಗಳು

ಈ ಬಗೆಯ ಕೆಲಸ ಅನೇಕ ಸಮಾಜಗಳಲ್ಲಿದೆ. ಹರಿದ್ವಾರದ ಪಂಡಾಗಳೂ ನಾಸಿಕ-ತ್ರ್ಯಂಬಕೇಶ್ವರದ ಕ್ಷೇತ್ರೋಪಾಧ್ಯಾಯರೂ ಯಾತ್ರಿಕರ ವಂಶವನ್ನು ಊರುವಾರು ವಹಿಗಳಲ್ಲಿ ಬರೆದಿಟ್ಟಿದ್ದಾರೆ. ತೆಲಂಗಾಣದಲ್ಲಿ ಕೂನಪುಲಿಯವರು ಪದ್ಮಶಾಲಿಗಳ ಮುಂದೆ ಉದ್ದನೆಯ ಚಿತ್ರಪಟವನ್ನು ಬಿಚ್ಚಿ, ಮಾರ್ಕಂಡೇಯ-ಭಾವನಾಋಷಿಗಳ ಕುಲಕಥೆಯನ್ನು ಹೇಳುತ್ತ ಬಂದಿದ್ದಾರೆ. ಕುಂಭಾರಿಯ ಜನರಿಗೆ ಇದು ದೂರದ ಸಂಗತಿಯಲ್ಲ. 2006ರಲ್ಲಿ ಇಲ್ಲಿ ಗೋದೂತಾಯಿ ಪರುಳೇಕರ ಹೆಸರಿನ ಬೀಡಿ ಕಾರ್ಮಿಕರ 10,000 ಮನೆಗಳ ವಸಾಹತು, 2024ರ ಜನವರಿಯಲ್ಲಿ ರೇನಗರದ 15,000 ಮನೆಗಳು ಕಾರ್ಮಿಕರ ಪಾಲಿಗೆ ಬಂದ ಮೇಲೆ, ತೆಲುಗು ಮನೆಮಾತಿನ ಅನೇಕ ನೇಕಾರ ಕುಟುಂಬಗಳೂ ಈ ಊರಿನ ನೆರೆಯವರಾಗಿವೆ. ಅವರ ಹಿರಿಯರ ಕಥೆಯೂ ಊರಿನ ಕಥೆಯಲ್ಲಿ ಸೇರತಕ್ಕದ್ದು.

ವಿದೇಶಗಳಲ್ಲಿ ಈ ಕೆಲಸವನ್ನು ಸಂಘಸಂಸ್ಥೆಗಳು ಮಾಡುತ್ತವೆ. ಅಮೆರಿಕದ ಯೂಟಾ ರಾಜ್ಯದಲ್ಲಿ 1894ರಲ್ಲಿಯೇ ವಂಶಾವಳಿಯ ಸಂಸ್ಥೆಯೊಂದು ಹುಟ್ಟಿತು. ಅದು 1938ರಿಂದ ಮೈಕ್ರೋಫಿಲ್ಮ್ ತೆಗೆಯುವ ಕಾರ್ಯ ಆರಂಭಿಸಿ, ಮುಂದೆ ಹರಿದ್ವಾರದ ವಹಿಗಳನ್ನೂ ಚಿತ್ರೀಕರಿಸಿತು. ಅಲ್ಲಿನ ಊರೂರಿನ ಸಂಘಗಳಲ್ಲಿ ಹಳೆಯ ಕಾಗದ ಓದುವುದನ್ನು, ಹಿರಿಯರನ್ನು ಮಾತನಾಡಿಸುವುದನ್ನು, ವಂಶವೃಕ್ಷ ಬರೆಯುವುದನ್ನು ಕಲಿಸುತ್ತಾರೆ. ಎತ್ತಿನ ಮೇಲೆ ಹೆಳವ ಮಾಡಿದ ಕೆಲಸವೇ ಅಲ್ಲಿ ತರಗತಿಯಾಗಿ ನಡೆಯುತ್ತದೆ.

ವತನದ ಕಾಗದಗಳು

ಪಾಟೀಲಕಿ, ಕುಲಕರ್ಣಿಕಿ, ದೇಶಮುಖಿಗಳಿದ್ದ ಮನೆಗಳಲ್ಲಿ ವಂಶಾವಳಿಗೆ ಇನ್ನೊಂದು ಕಾರಣವಿತ್ತು. ವತನದ ಹಕ್ಕು ಯಾರದೆಂಬ ತಂಟೆ ಬಂದಾಗ ಕೈಫಿಯತ್ತು ಬರೆದುಕೊಟ್ಟು ಮೂಲಪುರುಷನಿಂದ ಹೆಸರು ತೋರಿಸಬೇಕಾಗುತ್ತಿತ್ತು. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಇಂಥ ಊರಕಥೆಗಳಲ್ಲಿ ಕನ್ನಡದವುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಪ್ರಕಟಿಸಿದರು. ಮುಂಬಯಿ ಸರಕಾರ 1852ರ ಕಾಯದೆಯಂತೆ ಇನಾಮುಗಳ ತಪಾಸಣೆ ನಡೆಸಿದಾಗಲೂ ಮನೆತನಗಳು ಸನದು, ವಂಶಾವಳಿಗಳನ್ನು ಹಾಜರುಪಡಿಸಿದವು. ಪರಗಣೆ ಮತ್ತು ಕುಲಕರ್ಣಿ ವತನಗಳು 1950ರ ಕಾಯದೆಯಿಂದ, ಪಾಟೀಲಕಿ 1962ರ ಕಾಯದೆಯಿಂದ ರದ್ದಾದವು. ವತನ ಹೋದ ಮೇಲೆ ಕಾಗದಗಳ ಗೊಡವೆಯೂ ಹೋಯಿತು. ಅಟ್ಟದ ಮೇಲಿನ ಗಂಟುಗಳು ಗೆದ್ದಲಿಗೆ ಆಹಾರವಾದವು. ಅವುಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿದ್ದುದರಿಂದ ಮೊಮ್ಮಕ್ಕಳಿಗೆ ಓದಲೂ ಬಾರದಾಯಿತು.

ಇಂದಿನ ಅಗತ್ಯ

ವಂಶಾವಳಿ ಹಳೆಯ ಕಾಲದ ಮಾತೆಂದು ತಳ್ಳಿಹಾಕಿದವರಿಗೆ ತಹಸೀಲ ಕಚೇರಿ ಅದನ್ನು ಮತ್ತೆ ನೆನಪಿಸುತ್ತದೆ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಹಳೆಯ ದಾಖಲೆ ಬೇಕು. ಪರಿಶಿಷ್ಟ ಜಾತಿ, ಪಂಗಡಗಳಿಗೆ 1950, ವಿಮುಕ್ತ ಮತ್ತು ಅಲೆಮಾರಿ ಜನರಿಗೆ 1961, ಇತರ ಹಿಂದುಳಿದವರಿಗೆ 1967ರ ಹಿಂದಿನ ಪುರಾವೆ ಕೇಳುತ್ತಾರೆ. ಅಜ್ಜನ ಶಾಲೆಯ ದಾಖಲೆ ಸಿಕ್ಕರೂ ಆ ಅಜ್ಜ ಇವನ ಅಜ್ಜನೇ ಎಂದು ತೋರಿಸಲು ವಂಶಾವಳಿ ಬೇಕು. 2023ರಲ್ಲಿ ಕುಣಬಿ ನೋಂದಣಿಗಳನ್ನು ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ನೇಮಕವಾದಾಗ, ಮೋಡಿ ಓದಬಲ್ಲವರನ್ನು ಜಿಲ್ಲೆಜಿಲ್ಲೆಗಳಲ್ಲಿ ಹುಡುಕಬೇಕಾಯಿತು.

ವಿವಾದ ಹುಟ್ಟುವ ಮೊದಲೇ ಮನೆಯ ವಂಶಾವಳಿಯಲ್ಲಿ ಬರೆದಿಟ್ಟ ಸಂಬಂಧದ ಮಾತನ್ನು ಸಾಕ್ಷಿಯಾಗಿ ಪರಿಗಣಿಸಲು 1872ರ ಸಾಕ್ಷ್ಯ ಕಾಯದೆಯಲ್ಲಿಯೇ ಅವಕಾಶವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯದೆಯಲ್ಲಿಯೂ ಆ ತತ್ತ್ವ ಉಳಿದಿದೆ. ತಂಟೆ ಬಂದ ಮೇಲೆ ಬರೆದದ್ದಕ್ಕೆ ಆ ಬೆಲೆ ಇಲ್ಲ. ಆದುದರಿಂದ ಮನೆಯಲ್ಲಿ ಶಾಂತಿಯಿದ್ದಾಗಲೇ ಬರೆಯುವುದು ಜಾಣತನ.

ತಾಯಂದಿರ ಹೆಸರು

ಹಳೆಯ ವಂಶಾವಳಿಗಳಲ್ಲಿ ಒಂದು ಕೊರತೆಯಿದೆ. ಅಲ್ಲಿ ಗಂಡುಮಕ್ಕಳ ಹೆಸರೇ ಹೆಚ್ಚು. ಹೊಟ್ಟೆಯಲ್ಲಿ ಹೊತ್ತ ತಾಯಿ, ಕೊಟ್ಟ ಮನೆ ಬೆಳಗಿದ ಮಗಳು ಅನೇಕ ಕಡೆ ಕಾಣುವುದೇ ಇಲ್ಲ. ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ 1994ರ ತಿದ್ದುಪಡಿಗಳಿಂದಲೂ ದೇಶಕ್ಕೆಲ್ಲ 2005ರ ಸೆಪ್ಟೆಂಬರ್ 9ರಿಂದಲೂ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕು ಬಂದಿದೆ. ಕಾಯದೆಗಿಂತ ಹಿರಿದಾದ ಋಣವೂ ಇದೆ. ಉಡಿ ತುಂಬಿ ಕಳಿಸಿದ ಮಗಳ ಹೆಸರಿಲ್ಲದ ವಂಶಾವಳಿ ಅರ್ಧ ವಂಶಾವಳಿ. ಹೊಸದಾಗಿ ಬರೆಯುವವರು ಸೊಸೆಯ ತವರೂರು, ತವರಿನ ಮನೆತನ, ಹೆಣ್ಣುಮಕ್ಕಳ ಹೆಸರು, ಅವರನ್ನು ಕೊಟ್ಟ ಊರು ಇವನ್ನೆಲ್ಲ ತಪ್ಪದೆ ಸೇರಿಸಬೇಕು.

ಊರೇ ಪಾಠಶಾಲೆ

ಹೆಳವರ ಮಕ್ಕಳು ಇಂದು ಶಾಲೆಗೆ ಹೋಗಿ ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಇದು ಸಂತೋಷದ ಸಂಗತಿ. ತಿರುಗಾಟದ ಕಷ್ಟ ಅವರಿಗೇ ಇರಲೆಂದು ಯಾರೂ ಬಯಸಬಾರದು. ಆದರೆ ಹೊತ್ತಿಗೆಯ ಭಾರವನ್ನು ಈಗ ಊರವರೇ ಹೊರಬೇಕಾಗಿದೆ. ಅದಕ್ಕೆ ದೊಡ್ಡ ಖರ್ಚು ಬೇಡ.

ಮೊದಲು ಮನೆಯ ಹಿರಿಯರನ್ನು ಕೇಳಿ ಮೂರು ತಲೆಮಾರಿನ ಹೆಸರು ಬರೆಯುವುದು. ನಂತರ ಅಡಿಗೆಮನೆಯ ತಾಮ್ರ-ಹಿತ್ತಾಳೆಯ ಪಾತ್ರೆಗಳನ್ನು ನೋಡುವುದು. ಮದುವೆಯಲ್ಲಿ ಬಂದ ಕೊಡ, ತಂಬಿಗೆಗಳ ಮೇಲೆ ಕೊಟ್ಟವರ ಹೆಸರೂ ಇಸವಿಯೂ ಕೆತ್ತಿರುತ್ತವೆ. ಹಳೆಯ ಲಗ್ನಪತ್ರಿಕೆ, ಗುಡಿಯ ಮೆಟ್ಟಿಲು ಮತ್ತು ಗಂಟೆಗಳ ಮೇಲಿನ ದಾನಿಗಳ ಹೆಸರು, ಹೊಲದಲ್ಲಿರುವ ಹಿರಿಯರ ಗದ್ದುಗೆ ಇವೆಲ್ಲ ಮಾತನಾಡುತ್ತವೆ. ಆಮೇಲೆ ಸರಕಾರಿ ಕಾಗದ: ಸಾತಬಾರಾ ಉತಾರ, ಫೇರಫಾರದ ನಮೂನೆ 6, ವಾರಸಾ ನೋಂದಣಿ, ಜನನ-ಮರಣದ ನಮೂನೆ 14 ಅಂದರೆ ಕೋತವಾಲ ಬುಕ್ಕು, ಶಾಲೆಯ ಜನರಲ್ ರಜಿಸ್ಟರು. ಬಾಯಿಮಾತು ಒಂದು ಹೇಳಿ ಕಾಗದ ಇನ್ನೊಂದು ಹೇಳಿದರೆ ಎರಡನ್ನೂ ಬರೆದಿಡಬೇಕು. ಒಂದನ್ನು ಅಳಿಸಬಾರದು.

ಮೋಡಿ ಕಲಿಯಬೇಕೆನ್ನುವ ತರುಣರಿಗೆ ಮಹಾರಾಷ್ಟ್ರ ಸರಕಾರದ ಪುರಾಭಿಲೇಖ ಇಲಾಖೆ ವರ್ಗಗಳನ್ನು ನಡೆಸುತ್ತ ಬಂದಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತ ಈ ಭಾಗದ ಮಕ್ಕಳಿಗೆ ಒಂದು ಅನುಕೂಲವಿದೆ. ಅಜ್ಜಿಯ ಮಾತೂ ಕಚೇರಿಯ ಕಾಗದವೂ ಎರಡೂ ಅವರಿಗೆ ತಿಳಿಯುತ್ತವೆ. ಆದರೆ ಕನ್ನಡ ಅಕ್ಷರ ಬಾರದಿದ್ದರೆ ಹೆಳವನ ಕನ್ನಡ ಹೊತ್ತಿಗೆ ಮುಂದಿದ್ದರೂ ಮುಚ್ಚಿದಂತೆಯೇ. ಮನೆಯ ಹಿರಿಯರು ಮಕ್ಕಳಿಗೆ ಅಕ್ಷರಮಾಲೆ ಕಲಿಸಿದರೆ ಅರ್ಧ ಕೆಲಸ ಆದಂತೆ.

ಹೆಳವರು ಊರಿಗೆ ಬಂದರೆ ಬರಿಗೈಯಲ್ಲಿ ಕಳಿಸದೆ, ಗುಡಿಯ ಕಟ್ಟೆಯಲ್ಲಿ ಕೂರಿಸಿ ಗೌರವಿಸಿ, ಅವರ ಒಪ್ಪಿಗೆ ಪಡೆದು ಹೊತ್ತಿಗೆಯ ಪುಟಗಳ ಫೋಟೋ ತೆಗೆದುಕೊಳ್ಳಬಹುದು. ಅವರ ಹೇಳಿಕೆಯನ್ನು ಧ್ವನಿಮುದ್ರಿಸಬಹುದು. ಹೊತ್ತಿಗೆ ಅವರದೇ ಆಸ್ತಿ, ಅದನ್ನು ಕಸಿದುಕೊಳ್ಳುವ ಮಾತು ಸಲ್ಲದು. ಜಾತ್ರೆಯ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಟ್ಟರೆ, ಮಕ್ಕಳು ಬರೆದುಕೊಂಡು ಹಿರಿಯರು ಹೇಳುತ್ತ ಹೋದರೆ, ಕೆಲವೇ ವರ್ಷಗಳಲ್ಲಿ ಊರಿನ ಎಲ್ಲ ಸಮಾಜಗಳ ಹೊತ್ತಿಗೆಯೊಂದು ಸಿದ್ಧವಾದೀತು. ಇದರಲ್ಲಿ ಮೇಲು ಕೀಳೆಂಬುದಕ್ಕೆ ಸ್ಥಳವಿಲ್ಲ. ಮಾನದ ಮನೆಯೂ ನಿನ್ನೆ ಬಂದು ನೆಲೆಸಿದ ಮನೆಯೂ ಒಂದೇ ಗಾತ್ರದ ಅಕ್ಷರದಲ್ಲಿ ಇರಬೇಕು.

ತೊಂಬತ್ತು ದಾಟಿದ ಅಜ್ಜಿಯೊಬ್ಬಳು ಪ್ರತಿ ಓಣಿಯಲ್ಲಿಯೂ ಇದ್ದಾಳೆ. ಅವಳಿಗೆ ಗೊತ್ತಿರುವ ಹೆಸರುಗಳು ಯಾವ ದಫ್ತರದಲ್ಲಿಯೂ ಇಲ್ಲ. ಮುಂದಿನ ಜಾತ್ರೆಯವರೆಗೆ ಕಾಯದೆ, ಈ ಜಾತ್ರೆಯಲ್ಲಿಯೇ ದೇವರಿಗೆ ಕಾಯಿ ಒಡೆಸಿಕೊಂಡು ಬಂದವರು ಅವಳ ಬಳಿ ಒಂದು ಗಳಿಗೆ ಕುಳಿತು ಆ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಹಿರಿಯರ ಸ್ಮರಣೆಯೂ ಒಂದು ಪೂಜೆಯೇ. ಆ ಪೂಜೆಯ ಫಲ ಕುಂಭಾರಿಯ ಮಕ್ಕಳು ಮೊಮ್ಮಕ್ಕಳಿಗೆ ದೊರೆಯಲಿ.