ಹಳೆಯ ಭವನ, ಹೊಸ ವಾಣಿಜ್ಯವಿದ್ಯೆ

ಪುರಾತನವಾದೊಂದು ವಿದ್ಯಾಭವನದ ಬೀದಿಮುಖವನ್ನಷ್ಟೇ ಉಳಿಸಿಕೊಂಡು ಬೆನ್ನಿಗೆ ಗಾಜಿನ ಅಂಗಣವೊಂದನ್ನು ಜೋಡಿಸಿದರೆ ಪರಂಪರೆಯೂ ಉಳಿಯಿತು, ಆಧುನಿಕತೆಯೂ ಬಂದಿತು ಎಂಬ ಸುಲಭವಾದ ನಂಬಿಕೆ ವಾಸ್ತುಶಿಲ್ಪಿಗಳಲ್ಲಿಯೂ ವಿದ್ಯಾಸಂಸ್ಥೆಗಳ ಆಡಳಿತವರ್ಗದಲ್ಲಿಯೂ ಈಚೆಗೆ ಬೇರೂರಿರುವುದರಿಂದ, ವಾಣಿಜ್ಯಶಿಕ್ಷಣವು ಹಳೆಯ ಕಟ್ಟಡಗಳನ್ನು ಹೊಕ್ಕು ಬೆಳೆದ ಬಗೆಯನ್ನು ಸಾವಧಾನವಾಗಿ ಅವಲೋಕಿಸುವುದು ಅವಶ್ಯವೆನಿಸುತ್ತದೆ.

ಆದಿಯ ಕಥೆ ಸಂಕ್ಷಿಪ್ತವಾದುದು. 1881ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ವಾರ್ಟನ್ ಶಾಲೆಯೂ 1908ರಲ್ಲಿ ಹಾರ್ವರ್ಡಿನ ಶಾಲೆಯೂ ಹುಟ್ಟಿದಾಗ ಈ ವಿದ್ಯೆಗೆ ತನ್ನದೇ ಆದ ಕೊಠಡಿಯ ಆಕಾರವಿರಲಿಲ್ಲ. ವ್ಯವಹಾರದ ಪ್ರಸಂಗವೊಂದನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿಗಳು ಪರಸ್ಪರ ವಾದಿಸಿ ಕಲಿಯುವ ಕೇಸ್ ಪದ್ಧತಿ ಬಲಿತು, 1953ರಲ್ಲಿ ಹಾರ್ವರ್ಡಿನ ಆಲ್ಡ್ರಿಚ್ ಭವನದಲ್ಲಿ ಲಾಳಾಕಾರದ ಮೆಟ್ಟಿಲುಸಾಲಿನ ತರಗತಿ ನೆಲೆಗೊಂಡ ಮೇಲೆ, ನಡುವೆ ಕಂಬವಿಲ್ಲದ ಹಜಾರವೇ ಅದರ ಬೇಡಿಕೆಯಾಯಿತು; ಕಿರುಕೊಠಡಿಗಳ ಹಳೆಯ ಭವನಗಳಿಗೆ ಸಂಕಟ ಒದಗಿದುದು ಇಲ್ಲಿಯೇ.

ಲಂಡನ್ ಬಿಸಿನೆಸ್ ಸ್ಕೂಲಿಗಾಗಿ ರೀಜೆಂಟ್ಸ್ ಪಾರ್ಕಿನ ಅಂಚಿನಲ್ಲಿ ಜಾನ್ ನ್ಯಾಶನ ಸಸೆಕ್ಸ್ ಪ್ಲೇಸಿನ ಮುಂಭಾಗವನ್ನು ಕಾಪಾಡಿ, ಹಿಂದಿನದೆಲ್ಲವನ್ನೂ 1960ರ ದಶಕದಲ್ಲಿ ಹೊಸದಾಗಿ ಕಟ್ಟಲಾಯಿತು. ಮುಖವಾಡ ಸುಂದರವಾದುದೇ. ಅದೇ ಶಾಲೆ ಮುಂದೆ ಹಳೆಯ ಮೇರಿಲೆಬೋನ್ ಪುರಭವನವನ್ನು ಪಡೆದು, ಅದಕ್ಕೂ ಪಕ್ಕದ ಗ್ರಂಥಾಲಯದ ಕಟ್ಟಡಕ್ಕೂ ನಡುವೆ ಗಾಜಿನ ಬೆಸುಗೆ ಹಾಕಿತು. ಪುರಭವನದಲ್ಲಿ ನಡೆಯುತ್ತಿದ್ದ ವಿವಾಹಗಳಿಗೆ ಎಡೆ ಉಳಿದುದು ಆ ಗಾಜಿಗಿಂತ ಹೆಚ್ಚು ಪ್ರಶಂಸನೀಯ.

ನಮ್ಮ ತಲೆಮಾರಿನವರು ಪಾಠ ಕಲಿತುದು ಕೇಂಬ್ರಿಜಿನಿಂದ. 1766ರಲ್ಲಿ ತೆರೆದ ಆಡೆನ್‌ಬ್ರೂಕ್ ಆಸ್ಪತ್ರೆ ಊರ ಹೊರಕ್ಕೆ ತೆರಳಿದ ತರುವಾಯ, ಅದರ ಕಟ್ಟಡವನ್ನು ವಿಶ್ವವಿದ್ಯಾನಿಲಯದ ವಾಣಿಜ್ಯಶಾಲೆಯಾದ ಜಡ್ಜ್ ಸಂಸ್ಥೆಗಾಗಿ 1990ರ ದಶಕದಲ್ಲಿ ರೂಪಾಂತರಿಸಿದ ವಾಸ್ತುಶಿಲ್ಪಿ ಜಾನ್ ಔಟ್ರಮ್, ಮ್ಯಾಥ್ಯೂ ಡಿಗ್ಬಿ ವಯಟ್ ವಿಸ್ತರಿಸಿದ್ದ ಆಸ್ಪತ್ರೆಯ ಭಾಗಗಳನ್ನು ಬಳಕೆಗೆ ತಂದುದಲ್ಲದೆ, ಹಿಂಬದಿಯಲ್ಲಿ ಮೆಟ್ಟಿಲುಗಳೂ ಮೊಗಸಾಲೆಗಳೂ ಒಂದನ್ನೊಂದು ಹಾಯುವ ಎತ್ತರದ ಹಜಾರವನ್ನೆಬ್ಬಿಸಿದನು. ಗಾಳಿಯ ಕೊಳವೆ, ವಿದ್ಯುತ್ತಂತಿಗಳನ್ನೆಲ್ಲ ಎಲ್ಲಿ ಅಡಗಿಸುವುದೆಂಬ, ಹಳೆಯ ಕಟ್ಟಡಗಳಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಪೊಳ್ಳಾದ ದಪ್ಪ ಕಂಬಗಳು. ಅವುಗಳ ಬಣ್ಣವನ್ನು ಕಂಡು ನಕ್ಕವರು ಅವುಗಳ ಕಾರ್ಯವನ್ನು ವಿಚಾರಿಸಲಿಲ್ಲ. 2018ರಲ್ಲಿ ಸ್ಟ್ಯಾಂಟನ್ ವಿಲಿಯಮ್ಸ್ ಸಂಸ್ಥೆ ಸೇರಿಸಿದ ಸೈಮನ್ ಸೇನ್ಸ್‌ಬರಿ ಕೇಂದ್ರ ಮಿತಭಾಷಿ, ಸಭ್ಯ. ಆದರೆ ಔಟ್ರಮನ ಧೈರ್ಯ ಅದರಲ್ಲಿಲ್ಲ.

ಭಾರತದಲ್ಲಿ ಹಳೆಯದನ್ನು ಉಳಿಸಬೇಕೆ, ಕೆಡವಬೇಕೆ ಎಂಬ ಪ್ರಶ್ನೆ ತೀಕ್ಷ್ಣವಾಗಿ ಎದ್ದುದು ಅಹಮದಾಬಾದಿನಲ್ಲಿ. 1962ರಿಂದ ಲೂಯಿ ಕಾನ್, ಬಾಲಕೃಷ್ಣ ದೋಶಿಯವರ ಸಹಯೋಗದೊಡನೆ ರೂಪಿಸಿದ ಇಟ್ಟಿಗೆಯ ಐ.ಐ.ಎಂ. ಅರ್ಧ ಶತಮಾನದಲ್ಲಿಯೇ ಇತಿಹಾಸವಾಗಿ, ಒಸರುವ ನೀರಿನಿಂದಲೂ 2001ರ ಭೂಕಂಪದಿಂದಲೂ ಜರ್ಜರಿತವಾಗಿತ್ತು. ವಾಸ್ತುಶಿಲ್ಪಿ ಬೃಂದಾ ಸೋಮಯರ ಸಂಸ್ಥೆ ಅಲ್ಲಿಯ ವಿಕ್ರಮ್ ಸಾರಾಭಾಯಿ ಗ್ರಂಥಾಲಯವನ್ನು ಜೀರ್ಣೋದ್ಧಾರಗೊಳಿಸಿ 2019ರಲ್ಲಿ ಯುನೆಸ್ಕೋ ಪ್ರಶಸ್ತಿಗೆ ಪಾತ್ರವಾದ ಮರುವರ್ಷವೇ, 18 ವಸತಿನಿಲಯಗಳಲ್ಲಿ 14ನ್ನು ಕೆಡವುವ ಪ್ರಸ್ತಾವ ಹೊರಬಿದ್ದಿತು. ದೇಶವಿದೇಶಗಳ ಪ್ರತಿಭಟನೆಯ ಬಳಿಕ 2021ರ ಜನವರಿ 1ರಂದು ಅದನ್ನು ಹಿಂದೆಗೆದುಕೊಳ್ಳಲಾಯಿತು. ಒಂದೇ ಆವರಣದಲ್ಲಿ, ಒಂದೇ ಬಗೆಯ ಇಟ್ಟಿಗೆಯಲ್ಲಿ, ದುರಸ್ತಿ ಸಾಧ್ಯವೆಂಬುದಕ್ಕೆ ಪ್ರಮಾಣವಿದ್ದೂ ಕೆಡವುವ ಯೋಚನೆ ಬಂದುದು ವಿಚಾರಾರ್ಹ. ಅದೇ ದೋಶಿಯವರು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಕಲ್ಲಿನಲ್ಲಿ ಕಟ್ಟಿದ ಐ.ಐ.ಎಂ.ಗೂ ಈ ವಯಸ್ಸು ಸಮೀಪಿಸುತ್ತಿದೆ.

ಈ ಕ್ಷೇತ್ರದ ಬರವಣಿಗೆಯಲ್ಲಿ ಹೊಸ ಭಾಗಗಳ ವರ್ಣನೆ ಹೇರಳ, ಹಳೆಯ ಭಾಗಗಳ ಪೋಷಣೆಯ ಲೆಕ್ಕ ವಿರಳ. ಜಡ್ಜ್, ಸೇನ್ಸ್‌ಬರಿ, ಆಕ್ಸ್‌ಫರ್ಡಿನ ಸಯೀದ್ ಎಂಬ ಹೆಸರುಗಳೇ ಹೇಳುವಂತೆ, ದಾನಕ್ಕೆ ನಾಮಫಲಕ ದೊರೆಯುವುದು ನಿರ್ಮಾಣದಲ್ಲಿ. ಮಾಳಿಗೆಯ ಸೋರಿಕೆಯನ್ನು ನಿಲ್ಲಿಸಿದವನ ಹೆಸರನ್ನು ಯಾವ ಗೋಡೆಯ ಮೇಲೂ ಕೆತ್ತುವುದಿಲ್ಲ. 1858ರಲ್ಲಿ ಆರಂಭವಾದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಂಥ ಭವನಗಳಿಗೆ ನಾಳೆ ಯಾರಾದರೂ ಹೊಸ ಕಟ್ಟಡವನ್ನು ಸೇರಿಸಲು ಹೊರಟರೆ, ಹಳೆಯ ಕಟ್ಟಡದ ಕೋಣೆ, ಮೊಗಸಾಲೆಗಳನ್ನು ಮೊದಲು ಅಳೆದು ನಕ್ಷೆಮಾಡಲಿ, ಅದರ ದುರಸ್ತಿಗೆ ನಿಧಿಯಿರಿಸಲಿ. ಮುಂಭಾಗದ ಮಾತು ಅನಂತರದ್ದು.