ತಿಮ್ಮಯ್ಯ, ಕೆ.ಎಸ್.: ಬರ್ಮಾ ಯುದ್ಧದಲ್ಲಿ ಬೆಟಾಲಿಯನ್ ನಾಯಕತ್ವ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ (1906–1965) ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರು (1957–61). ಅವರ ಹೆಸರು ಬಂದಾಗಲೆಲ್ಲ ಕಾಶ್ಮೀರದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಕಥೆ, ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಜಟಾಪಟಿ ನೆನಪಾಗುತ್ತವೆ. ಆದರೆ ದಂಡನಾಯಕನಾಗಿ ಅವರು ಹದಗೊಂಡದ್ದು ಬರ್ಮಾದ ಕರಾವಳಿ ಪ್ರದೇಶ ಅರಕಾನಿನ ಕೆಸರಿನಲ್ಲಿ.

ಕೊಡಗು ಆಗ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ, ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. ಮಡಿಕೇರಿಯ ಕಾಫಿ ಬೆಳೆಗಾರರ ಮನೆಯಲ್ಲಿ ಹುಟ್ಟಿದ ತಿಮ್ಮಯ್ಯ ಡೆಹ್ರಾಡೂನ್, ಸ್ಯಾಂಡ್‌ಹರ್ಸ್ಟ್‌ಗಳಲ್ಲಿ ಓದಿ 1926ರಲ್ಲಿ ಅಧಿಕಾರಿಯಾದರು. ಮುಂದೆ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಸೇರಿದರು. 1939ರಲ್ಲಿ ಈ ಪಡೆ ಸಿಂಗಾಪುರಕ್ಕೆ ಹೋಯಿತು, ತಿಮ್ಮಯ್ಯನವರೂ ಜೊತೆಗಿದ್ದರು. ಅವರು ತಾಯ್ನಾಡಿಗೆ ಮರಳಿದ ಮೇಲೆ, 1942ರ ಜನವರಿಯಲ್ಲಿ, ಮಲಯದ ಸ್ಲಿಮ್ ನದಿಯ ಬಳಿ ಜಪಾನೀ ಟ್ಯಾಂಕುಗಳು ಆ ಬೆಟಾಲಿಯನ್ನನ್ನು ನುಚ್ಚುನೂರು ಮಾಡಿದವು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಜಪಾನೀಯರ ಜೊತೆಗೂಡಿ ಬ್ರಿಟಿಷರ ವಿರುದ್ಧ ನಿಂತ ಆಜಾದ್ ಹಿಂದ್ ಫೌಜ್ ಸೇರಿದರು. ಹೀಗೆ ಒಂದೇ ಮನೆಯ ಇಬ್ಬರು ಎದುರುಬದುರು ಬಣಗಳಲ್ಲಿ ನಿಂತರು.

ಕ್ವೆಟ್ಟಾದ ಸ್ಟಾಫ್ ಕಾಲೇಜಿನ ಬಳಿಕ ತಿಮ್ಮಯ್ಯ 25ನೇ ಡಿವಿಷನ್ನಿನ ಕಚೇರಿಯಲ್ಲಿ ಕಾರ್ಯಾಚರಣೆಯ ಯೋಜನೆ ನೋಡಿಕೊಂಡರು. 1944ರಲ್ಲಿ ಅದೇ ಡಿವಿಷನ್ನಿನ 8/19 ಹೈದರಾಬಾದ್ (19ನೇ ಹೈದರಾಬಾದ್ ರೆಜಿಮೆಂಟಿನ 8ನೇ) ಬೆಟಾಲಿಯನ್ ಅವರ ಕೈಗೆ ಬಂತು. ಆ ಪಡೆಯಿದ್ದ 51ನೇ ಬ್ರಿಗೇಡಿಗೆ ಒಂದು ವಿಶೇಷವಿತ್ತು: ಮೂರೂ ಬೆಟಾಲಿಯನ್‌ಗಳ ಮುಖ್ಯಸ್ಥರು ಭಾರತೀಯರು. 2/2 ಪಂಜಾಬಿಗೆ ಎಸ್.ಪಿ.ಪಿ. ಥೋರಾಟ್, 16/10 ಬಲೂಚಿಗೆ ಎಲ್.ಪಿ. ಸೇನ್. ಬ್ರಿಗೇಡಿಯರ್ ಮಾತ್ರ ಇಂಗ್ಲಿಷರವ, ಹಟನ್. ಭಾರತೀಯ ಅಧಿಕಾರಿ ಯುದ್ಧದಲ್ಲಿ ಪಡೆ ನಡೆಸಬಲ್ಲನೇ ಎಂಬ ಅನುಮಾನ ಬ್ರಿಟಿಷರಲ್ಲಿ ಬಲವಾಗಿದ್ದ ಕಾಲ ಅದು. ಈ ಮೂವರು ಸೋತರೆ ಮಾತು ಮೂವರಿಗೇ ನಿಲ್ಲುತ್ತಿರಲಿಲ್ಲ.

ಪರೀಕ್ಷೆ ನಡೆದದ್ದು 1945ರ ಜನವರಿ–ಫೆಬ್ರವರಿಯಲ್ಲಿ, ಅರಕಾನಿನ ಕಾಂಗಾವ್‌ನಲ್ಲಿ. ಕರಾವಳಿಯ ರಸ್ತೆಯಲ್ಲಿ ಹಿಂದೆ ಸರಿಯುತ್ತಿದ್ದ ಜಪಾನಿನ 54ನೇ ಡಿವಿಷನ್ನಿನ ದಾರಿಯನ್ನು ಅಲ್ಲಿ ಕಡಿಯಬೇಕಿತ್ತು. ಕಾಂಡ್ಲಾ ಕಾಡಿನ ನಡುವಿನ ಉಪ್ಪುನೀರ ತೋಡುಗಳಲ್ಲಿ, ಉಬ್ಬರವಿಳಿತ ನೋಡಿಕೊಂಡು ದೋಣಿಗಳು ಒಳನುಗ್ಗಬೇಕು. ದಡಕ್ಕಿಳಿದರೆ ಕೆಸರು, ಆಚೆ ಗದ್ದೆಬಯಲು, ಅದರಾಚೆಯ ಗುಡ್ಡಗಳಲ್ಲಿ ಬಂಕರು ತೋಡಿ ಕೂತ ಜಪಾನೀಯರು. ಮೊದಲು ಬ್ರಿಟಿಷ್ ಕಮಾಂಡೋ ಬ್ರಿಗೇಡ್ ಇಳಿದು ‘ಹಿಲ್ 170’ ಎಂಬ ಗುಡ್ಡ ಹಿಡಿಯಿತು, ಬೆನ್ನಿಗೇ 51ನೇ ಬ್ರಿಗೇಡ್ ಬಂತು. ಜನವರಿ 29ರಂದು ಥೋರಾಟರ ಪಂಜಾಬಿಗಳು ‘ಮೆಲ್ರೋಸ್’ ಎಂದು ಹೆಸರಿಟ್ಟಿದ್ದ ಗುಡ್ಡವನ್ನು ಕೈಕೈ ಮಿಲಾಯಿಸಿಯೇ ವಶಪಡಿಸಿಕೊಂಡರು. ಕಾಂಗಾವ್ ಬಗ್ಗೆ ಬರೆದವರು ಬ್ರಿಟಿಷ್ ಕಮಾಂಡೋಗಳ ಸಾಹಸಕ್ಕೆ ಕೊಟ್ಟಷ್ಟು ಜಾಗವನ್ನು ಈ ಬ್ರಿಗೇಡಿಗೆ ಕೊಟ್ಟಿಲ್ಲ. ಸೇನೆ ಮಾತ್ರ ಮರೆಯಲಿಲ್ಲ: ತಿಮ್ಮಯ್ಯ, ಥೋರಾಟ್, ಸೇನ್ ಮೂವರಿಗೂ ಡಿ.ಎಸ್.ಒ. (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಪದಕ ಸಂದಿತು.

ಅದೇ ವರ್ಷ ತಿಮ್ಮಯ್ಯ 36ನೇ ಬ್ರಿಗೇಡಿನ ಹೊಣೆ ಹೊತ್ತು, ಯುದ್ಧಕಾಲದಲ್ಲಿ ಪದಾತಿ ಬ್ರಿಗೇಡ್ ನಡೆಸಿದ ಮೊದಲ ಭಾರತೀಯರೆನಿಸಿದರು. ಸಿಂಗಾಪುರದಲ್ಲಿ ಜಪಾನ್ ಶರಣಾದ ಸಮಾರಂಭಕ್ಕೆ ಭಾರತದ ಪ್ರತಿನಿಧಿಯಾಗಿ ಹೋದರು. ಅನಂತರ 268ನೇ ಬ್ರಿಗೇಡ್ ಜೊತೆ ಜಪಾನಿಗೇ ತೆರಳಿದರು.